ಸಹಾಯ ಬೇಕು: ಕಾಲೇಜಿನವರು ಒಯ್ದ ನೀರಿನ ರಿಪೋರ್ಟ್ ಕೇಳೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ತಾಲೂಕಿನ ಒಂದು ಹಳ್ಳಿ. ಕೇಂದ್ರ ಸರ್ಕಾರದ ಉನ್ನತ ಭಾರತ ಅಭಿಯಾನದಲ್ಲಿ ಕಾಲೇಜುಗಳು 5 ಹಳ್ಳಿ ದತ್ತು ತಗೋತಾವಲ್ಲ, ಹಂಗೆ ಹೋದ ವರ್ಷ ನಮ್ಮೂರಿಗೂ ಒಂದು ಕಾಲೇಜಿನವರು ಬಂದಿದ್ರು. ಹುಡುಗರು ಪಾಪ ಬಿಸಿಲಲ್ಲಿ ಮನೆಮನೆ ಸುತ್ತಿ ಫಾರಂ ತುಂಬಿಸಿಕೊಂಡ್ರು. ನಮ್ಮಜ್ಜಿ ಮಜ್ಜಿಗೆ ಕೊಟ್ಟು, ಮೊಮ್ಮಗನ ಬಾಯಿ ತೆರೆಸಿ ಹಲ್ಲಿನ ಮೇಲಿನ ಕಂದು ಪಟ್ಟೆ ತೋರಿಸಿದ್ರು. "ಬೋರ್ ನೀರು ಕಣಪ್ಪಾ, ನೋಡಿ" ಅಂತ. ನೀರಲ್ಲಿ ಜಾಸ್ತಿಯಾದ್ರೆ ಹಲ್ಲು ಕೆಡಿಸೋ ಫ್ಲೋರೈಡ್ ಪರೀಕ್ಷೆಗೆ ಮೂರು ಬಾಟಲಿ ನೀರು ಹಿಡಿದು, ಮುಚ್ಚಳದ ಮೇಲೆ ಬೀದಿ ಹೆಸರು ಬರೆದು ಒಯ್ದರು. ಗ್ರೂಪ್ ಫೋಟೋನೂ ಆಯ್ತು. ರಿಪೋರ್ಟ್ ಮಾತ್ರ ಇವತ್ತಿಗೂ ಇಲ್ಲ. ಫೋನ್ ಮಾಡಿದ್ರೆ ಆ ಮೇಷ್ಟ್ರು ಬೇರೆ ಕಡೆ ಹೋದ್ರಂತೆ.

ಜಗಳ ಮಾಡೋ ಆಸೆ ಇಲ್ಲ, ಹುಡುಗರು ಮತ್ತೆ ಬರಬೇಕು. ಆದ್ರೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆಯೋ ಇಲ್ಲವೋ ಅಂತ ತಿಳೀದೆ ಆ ನೀರು ಕುಡಿಯೋದು ಹೇಗೆ?

ಇಲ್ಲಿ ಎನ್‌ಎಸ್‌ಎಸ್ ಅಧಿಕಾರಿಗಳೋ, ಅಭಿಯಾನದ ಕೆಲಸ ಮಾಡಿದ ಲೆಕ್ಚರರೋ ಇದ್ದರೆ ಹೇಳಿ. ಪಂಚಾಯ್ತಿ ಲೆಟರ್‌ಹೆಡ್‌ನಲ್ಲಿ ಪ್ರಿನ್ಸಿಪಾಲರಿಗೆ ಬರೆದರೆ ಸಾಕಾ, ವಿಶ್ವವಿದ್ಯಾಲಯಕ್ಕೂ ಕಳಿಸಬೇಕಾ? ಗ್ರಾಮಸಭೆಗೇ ಅವರನ್ನ ಕರೆಸಿ ಕನ್ನಡದಲ್ಲಿ ಓದಿ ಹೇಳಿಸಿದವರು ಯಾರಾದ್ರೂ ಇದ್ದೀರಾ? ಅರ್ಜಿಯ ನಮೂನೆ ಇದ್ದರೆ ಹಾಕಿ, ನಾಳಿದ್ದು ಪಿಡಿಒ ಸಿಗ್ತಾರೆ.