ಶ್ರೀಶೈಲ ಮುಟ್ಟಿದ ಮೇಲೆ ತೇರಿನ ತನಕ ಮೂರು ದಿನ: ಏನು ನೋಡಬೇಕು, ಏನು ಬಿಡಬೇಕು?

ಪ್ರಶ್ನೆ (ಇಂಡಿ_ಕಂಬಿ)

ಎಲ್ಲರಿಗೂ ಶರಣು. ಈ ಸಲ ನಮ್ಮ ಕಂಬಿ (ಮಲ್ಲಯ್ಯನ ಹೆಸರಲ್ಲಿ ಹೆಗಲ ಮೇಲೆ ಹೊತ್ತು ನಡೆಯುವ ಕೋಲು, ಅದರ ಜೊತೆಗಿನ ಪಾದಯಾತ್ರೆಯ ತಂಡ) ಯುಗಾದಿಗೆ ಮೂರು ದಿನ ಮೊದಲೇ ಶ್ರೀಶೈಲ ಮುಟ್ಟುತ್ತದೆ. ಆತ್ಮಕೂರು, ವೆಂಕಟಾಪುರಂ, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳದ ದಾರಿ. 9 ಜನ ಇದ್ದೇವೆ. ಇಬ್ಬರು ತಾಯಂದಿರು 60 ದಾಟಿದವರು, ಒಬ್ಬರಿಗೆ ಸಕ್ಕರೆ ಕಾಯಿಲೆ. ವಾಪಸ್ ಗಾಡಿ ಬರುವುದು ಯುಗಾದಿ ತೇರಿನ ಮರುದಿನ. ಹುಡುಗರು ಪಾತಾಳಗಂಗೆ (ಕೆಳಗಿನ ಕೃಷ್ಣಾ ನದಿಯ ಘಟ್ಟ), ಅಕ್ಕಮಹಾದೇವಿಯ ಗವಿ, ಕದಳಿವನ ಎಲ್ಲಾ ಆಗಲೇಬೇಕು ಅಂತಿದ್ದಾರೆ. ಅಷ್ಟು ದಿನ ನಡೆದ ಕಾಲಿಗೆ ಇದೆಲ್ಲ ಆಗುತ್ತದೆಯೇ? ಯಾವುದು ಮೊದಲು, ಯಾವುದು ಆಮೇಲೆ?

ಉತ್ತರ 1 (ಪಾದಸೇವೆ)

ಮೊದಲ ದಿನ ಎಲ್ಲಿಗೂ ಬೇಡ. ಭೀಮನಕೊಳ್ಳದಿಂದ ಕೈಲಾಸದ್ವಾರದವರೆಗೆ ಮೆಟ್ಟಿಲು ಹತ್ತಿ ಬಂದ ಮೀನಖಂಡ ಮರುದಿನ ಬೆಳಗ್ಗೆ ಕಲ್ಲಿನಂತೆ ಬಿಗಿದಿರುತ್ತದೆ. ಹಾಗಂತ ಪೂರ್ತಿ ಮಲಗಿದರೂ ಬಿಗಿತ ಇಳಿಯುವುದಿಲ್ಲ. ಕಾಲಿನ ಕೆಳಗೆ ಚೀಲ ಇಟ್ಟು ಎದೆಮಟ್ಟಕ್ಕಿಂತ ಮೇಲೆ ಎತ್ತಿ 20 ನಿಮಿಷ ಮಲಗಬೇಕು, ಎದ್ದು ಸಮತಟ್ಟಾದ ಜಾಗದಲ್ಲಿ 10 ನಿಮಿಷ ನಿಧಾನ ಓಡಾಡಬೇಕು. ದಿನಕ್ಕೆ ನಾಲ್ಕೈದು ಸಲ ಹೀಗೆ ಮಾಡಿ.

ಗುಳ್ಳೆ ಚಿಕ್ಕದಿದ್ದರೆ ಮುಟ್ಟಬೇಡಿ. ದೊಡ್ಡದಾಗಿ ಬಿಗಿದು, ಕಾಲೂರಲು ಆಗದಿದ್ದರೆ ಮಾತ್ರ ಸೋಪಿನಿಂದ ತೊಳೆದು, ಸ್ಪಿರಿಟ್ ಹಚ್ಚಿದ ಹೊಸ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸಿ. ಮೇಲಿನ ಚರ್ಮ ಕಿತ್ತರೆ ಒಳಗಿನ ಹಸಿ ಮಾಂಸಕ್ಕೆ ದೂಳು ಸೇರಿ ಕೀವಾಗುತ್ತದೆ. ಚರ್ಮ ಹಾಗೇ ಬಿಟ್ಟು ಮೇಲೆ ಗಾಜ್ ಬಟ್ಟೆ ಕಟ್ಟಿ, ದಿನಾ ಬದಲಿಸಿ. ಬಿಸಿ ಉಪ್ಪುನೀರಲ್ಲಿ ಕಾಲಿಡುವುದು ಗಾಯ ಇಲ್ಲದವರಿಗೆ ಮಾತ್ರ. ಸಕ್ಕರೆ ಕಾಯಿಲೆಯ ತಾಯಿಯವರು ಗುಳ್ಳೆ ತಾವೇ ಚುಚ್ಚಿಕೊಳ್ಳುವುದು, ಬಿಸಿನೀರಲ್ಲಿ ಕಾಲಿಡುವುದು ಎರಡೂ ಬೇಡ. ಅವರಿಗೆ ಸುಟ್ಟದ್ದೂ ಗೊತ್ತಾಗದೆ ಹೋಗಬಹುದು. ಬೆರಳ ಸಂದಿಯನ್ನು ಬೇರೆಯವರು ಬೆಳಕಿನಲ್ಲಿ ನೋಡಬೇಕು.

ಓಆರ್‌ಎಸ್ ದೊಡ್ಡ ಪೊಟ್ಟಣವನ್ನು 1 ಲೀಟರ್ ನೀರಿಗೆ ಪೂರ್ತಿ ಹಾಕಿ, 24 ಗಂಟೆಯೊಳಗೆ ಮುಗಿಸಿ. ಅರ್ಧ ಪೊಟ್ಟಣ ಅಂದಾಜಿಗೆ ಹಾಕಿದರೆ ಉಪ್ಪಿನ ಪ್ರಮಾಣ ಕೆಡುತ್ತದೆ. ಒಂದೇ ಮೀನಖಂಡ ಊದಿ ಕೆಂಪಾಗಿ ನೋಯುತ್ತಿದ್ದರೆ, ಅಥವಾ ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕಾಯದೆ ಆಸ್ಪತ್ರೆಗೆ ಹೋಗಿ.

ಉತ್ತರ 2 (ಮಲ್ಲಯ್ಯನ_ಮಂದಿ)

ಅಣ್ಣಾರ, ಮೊದಲು ಆಟೋದವರ ಪಟ್ಟಿ ನೋಡ್ರಿ. ಹಾಟಕೇಶ್ವರ, ಸಾಕ್ಷಿ ಗಣಪತಿ, ಶಿಖರೇಶ್ವರ ಅಂತ ಒಂದು ಸುತ್ತಿಗೆ ರೊಕ್ಕ ಹೇಳ್ತಾರ. ಕೈಲಾಸದ್ವಾರದ ಮ್ಯಾಲೆ ನಡಕೊಂಡು ಬಂದವರಿಗೆ ಹಾಟಕೇಶ್ವರ ದಾರಿಯಾಗ ಸಿಕ್ಕಿರ್ತದ, ಬಂದವರ ಲೆಕ್ಕ ಇಡತಾನ ಅನ್ನೋ ಸಾಕ್ಷಿ ಗಣಪತಿಗೆ ಹೆಸರು ಬರಿಸಿಯೇ ಒಳಗ ಬಂದಿರ್ತೀರಿ. ಮತ್ತ ಅದಕ್ಯಾಕ ರೊಕ್ಕ? ಉಳಿದದ್ದು ಶಿಖರೇಶ್ವರ, ಊರಿಂದ ಸುಮಾರು 8 ಕಿಲೋಮೀಟರ್, 2,830 ಅಡಿ ಎತ್ತರ. ಎರಡನೇ ದಿನ ಬೆಳಿಗ್ಗೆ ಬಿಸಿಲೇರೂಕಿಂತ ಮೊದಲ ಹೋಗ್ರಿ. ಅಲ್ಲಿ ನಂದಿ ಮುಂದ ಎಳ್ಳು ಹಾಕಿ ಕೋಡಿನ ನಡುವ ಮಲ್ಲಯ್ಯನ ಗುಡಿಯ ಶಿಖರ ನೋಡೂದು ಪದ್ಧತಿ. ಮಧ್ಯಾಹ್ನ ಬಿಸಿಲಿನ ಝಳಕ್ಕ ಏನೂ ಕಾಣೂದಿಲ್ಲ.

ಪಾಲಧಾರ ಪಂಚಧಾರ ಹಾಟಕೇಶ್ವರದ ಎದುರಿಗೇ ಐತಿ, ಆದ್ರ ಮೆಟ್ಟಿಲು ಇಳೀಬೇಕು. ಮೊಣಕಾಲು ನೋವಿದ್ದವರು ಮ್ಯಾಲೆ ಕುಂಡ್ರಲಿ.

ಪಾತಾಳಗಂಗೆಗೆ ಮೆಟ್ಟಿಲಿಂದ ಹೋಗಬ್ಯಾಡ್ರಿ. 500ಕ್ಕೂ ಹೆಚ್ಚು ಮೆಟ್ಟಿಲು. ಹತ್ತೂದಕ್ಕಿಂತ ಇಳಿಯೂದೇ ಕೆಟ್ಟದ್ದು, ತೊಡಿಯ ಮುಂದಿನ ಸ್ನಾಯುವಿನ ಮ್ಯಾಲೆ ಪೂರ್ತಿ ಭಾರ ಬೀಳ್ತದ, ಮರುದಿನ ಕುಂತ್ರ ಏಳಾಕ ಬರೂದಿಲ್ಲ. ರೋಪ್‌ವೇ ಐತಿ, ಬೆಳಿಗ್ಗೆ ಮೊದಲನೇ ಸರದಿಗೇ ಹೋಗ್ರಿ. ಒಂದು ಮಾತು: ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 885 ಅಡಿ, ಯುಗಾದಿ ಹೊತ್ತಿಗೆ ನೀರು ಭಾಳ ಕೆಳಗ ಹೋಗಿರ್ತದ. ಹಂಗಾಗಿ ರೋಪ್‌ವೇ ಇಳಿದ ಮ್ಯಾಲೂ ನೀರು ಮುಟ್ಟಾಕ ಇನ್ನಷ್ಟು ಇಳೀಬೇಕು, ಕೆಳಗಿನ ಕಲ್ಲು ಪಾಚಿಗಟ್ಟಿ ಜಾರ್ತಾವ. ತಾಯಂದಿರಿಗೆ ಕೊಡದಾಗ ನೀರು ತಂದು ಮ್ಯಾಲೇ ಕೊಡ್ರಿ.

ಪ್ರಶ್ನೆ ಕೇಳಿದವರು

ಕಂಬಿಯನ್ನು ಗಂಗೆಗೆ ಇಳಿಸಲೇಬೇಕಲ್ಲ, ಅದಕ್ಕೆ ಏನು ಮಾಡಬೇಕು? ಕದಳಿವನ, ಅಕ್ಕನ ಗವಿ ಎರಡೂ ಆಗುತ್ತವೆಯೇ?

ಉತ್ತರ 3 (ಕಲ್ಲು_ಶಾಸನ)

ಕಂಬಿಗೆ ಇಬ್ಬರು ಗಟ್ಟಿ ಕಾಲಿನವರನ್ನು ಗೊತ್ತು ಮಾಡಿ. ಅವರು ಹಿಂದಿನ ದಿನ ಶಿಖರೇಶ್ವರಕ್ಕೂ ಹೋಗದೆ ವಿಶ್ರಾಂತಿ ಪಡೆಯಲಿ.

ಕದಳಿವನ ಬಿಡಿ. ಜಲಾಶಯ ದಾಟಿ ಮತ್ತೆ ಕಾಡಿನಲ್ಲಿ ಗುಡ್ಡ ಹತ್ತುವ ದಾರಿ ಅದು, ಹುಲಿ ಸಂರಕ್ಷಿತ ಪ್ರದೇಶ ಬೇರೆ. ಅದಕ್ಕಾಗಿಯೇ ಇನ್ನೊಮ್ಮೆ ಬರಬೇಕು. ಅಕ್ಕನ ಗವಿಗೆ ದೋಣಿ ಇದ್ದರೆ ಹೋಗಬಹುದು, ಹೋಗಿ ಬರಲು ಅರ್ಧ ದಿನ ಬೇಕು. ನೀರು ಇಳಿದಷ್ಟೂ ದೋಣಿ ಕೆಳಗೆ ನಿಲ್ಲುತ್ತದೆ, ಗವಿಗೆ ಹತ್ತುವ ದಾರಿ ಅಷ್ಟಷ್ಟೇ ಉದ್ದವಾಗುತ್ತದೆ. ಒಳಗೆ ದಾರಿ ಇಕ್ಕಟ್ಟು, ಕತ್ತಲೆ. ಕೊನೆಯಲ್ಲಿ ಬಗ್ಗಿ, ಅಡ್ಡ ತಿರುಗಿ ನುಸುಳಬೇಕು. ಉಬ್ಬಸ ಇರುವವರು ಹೊರಗೇ ನಿಲ್ಲಲಿ.

ನನ್ನನ್ನು ಕೇಳಿದರೆ ಕಾಲು ನೋಯುವವರಿಗೆ ದೇವಸ್ಥಾನದ ಪ್ರಾಕಾರವೇ ಸಾಕು. ಸರದಿಯಲ್ಲಿ ನಿಂತು ದರ್ಶನ ಮುಗಿಸಿ ಹೊರಟುಬಿಡುವವರು ಅದರ ಹೊರಮೈ ನೋಡುವುದೇ ಇಲ್ಲ, ಅದು ನಿಜಕ್ಕೂ ನೋವಿನ ಸಂಗತಿ. ಸುಮಾರು 600 ಅಡಿ ಉದ್ದ, 500 ಅಡಿ ಅಗಲದ ಗೋಡೆ. ಸುತ್ತಲೂ ಸಾಲು ಸಾಲು ಉಬ್ಬುಶಿಲ್ಪ: ಆನೆ, ಕುದುರೆ, ಬೇಟೆ, ಯೋಗಿಗಳು, ಅರ್ಜುನನೊಂದಿಗೆ ಹೋರಾಡುವ ಕಿರಾತ ಶಿವ. ಪೂರ್ವದ ಗೋಡೆ ಬೆಳಗ್ಗೆ, ಪಶ್ಚಿಮದ್ದು ಸಂಜೆ ನೋಡಿ. ಓರೆ ಬಿಸಿಲು ಬಿದ್ದಾಗಲೇ ಕೆತ್ತನೆ ಎದ್ದು ಕಾಣುವುದು. ದಿನಕ್ಕೆ ಒಂದು ಗೋಡೆ ಸಾಕು. ಉತ್ತರ ಗೋಪುರ ಶಿವಾಜಿ 1677ರಲ್ಲಿ ಬಂದ ನೆನಪಿನದು. ಒಳಗೆ ವೃದ್ಧ ಮಲ್ಲಿಕಾರ್ಜುನ ಲಿಂಗ ತಪ್ಪಿಸಬೇಡಿ, ಮೈಯೆಲ್ಲ ಸುಕ್ಕುಗಟ್ಟಿದಂತಿದೆ. ಒಂದೇ ಲಿಂಗದ ಮೈಮೇಲೆ ಸಾವಿರ ಪುಟ್ಟ ಲಿಂಗ ಕೊರೆದ ಸಹಸ್ರಲಿಂಗವೂ ಅಲ್ಲೇ ಇದೆ.

ಹೇಮರಡ್ಡಿ ಮಲ್ಲಮ್ಮನ ಗುಡಿಗೂ, ಘಂಟಾಮಠದಂಥ ಹಳೆಯ ಮಠಗಳಿಗೂ ನಿಧಾನವಾಗಿ ನಡೆದೇ ಹೋಗಬಹುದು.

ಉತ್ತರ 4 (ಉಡಿ_ತುಂಬೋಣ)

ದರ್ಶನ ಮುಂದೆ ಹಾಕಬೇಡಿ. ಜನ ಹೆಚ್ಚಿದಂತೆ ಸ್ಪರ್ಶದರ್ಶನ ನಿಲ್ಲಿಸಿ ದೂರದ ಅಲಂಕಾರ ದರ್ಶನ ಮಾತ್ರ ಇಡುತ್ತಾರೆ. ಮುಟ್ಟಿದ ಸಂಜೆಯೇ ಅಥವಾ ಮರುದಿನ ನಸುಕಿನಲ್ಲೇ ಮುಗಿಸಿ. ಮಲ್ಲಯ್ಯನ ಮಡದಿ ಭ್ರಮರಾಂಬೆ ನಮ್ಮ ಕಡೆಯವರಿಗೆ ಮನೆಮಗಳು; ಸೀರೆ, ಕುಪ್ಪಸದ ಕಣ, ಬಳೆ, ಅರಿಶಿನ ಕುಂಕುಮ ಊರಿಂದಲೇ ಕಟ್ಟಿಕೊಂಡು ಹೋಗಿ, ಬಟ್ಟೆಯ ಚೀಲದಲ್ಲಿಡಿ.

ಯುಗಾದಿಯ ಹಿಂದಿನ ರಾತ್ರಿ ವೀರಾಚಾರ (ಭಕ್ತರು ಮೈಗೆ ಶಸ್ತ್ರ ಚುಚ್ಚಿಕೊಳ್ಳುವ ಸೇವೆ), ಅಗ್ನಿಗುಂಡ ಇರುತ್ತದೆ. ಗುಳ್ಳೆ ಒಡೆದ ಕಾಲಿನವರು ಕೆಂಡ ಹಾಯಬಾರದು. ಹರಕೆ ಇದ್ದರೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲಿ. ಆ ದಿನ ಮಧ್ಯಾಹ್ನ ಎಲ್ಲರೂ ಮಲಗಿ, ರಾತ್ರಿ ನಿದ್ದೆ ಸಿಗುವುದಿಲ್ಲ. ಬಿಡುವಿದ್ದ ಹುಡುಗರು ದಾಸೋಹದಲ್ಲಿ ಕುಳಿತು ತರಕಾರಿ ಹೆಚ್ಚಲಿ, ಬಡಿಸುವ ಕೆಲಸ ಬೇಡ, ಅದು ಗಂಟೆಗಟ್ಟಲೆ ನಿಲ್ಲುವ ಕೆಲಸ.

ವಾಪಸ್ ಗಾಡಿಯಲ್ಲಿ ಕಾಲು ಜೋತುಬಿಟ್ಟು ಕೂತರೆ ಪಾದ ಊದುತ್ತದೆ, ಎರಡು ಗಂಟೆಗೊಮ್ಮೆ ಇಳಿದು ಐದು ನಿಮಿಷ ಓಡಾಡಿ. ದೋರನಾಲದ ಘಾಟ್ ದಾರಿಯ ಅರಣ್ಯ ಗೇಟು ಸಾಮಾನ್ಯ ದಿನಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಗಾಡಿಯವರಿಗೆ ಬೆಳಗ್ಗೆಯೇ ಹೊರಡಲು ಈಗಲೇ ಹೇಳಿಡಿ.