ಸಹಾಯ ಬೇಕು: ಬ್ಯಾಕ್‌ಸ್ಪೇಸ್ ಒತ್ತಿದರೆ ಅಕ್ಷರ ಅಳಿಸುತ್ತಿಲ್ಲ, ^ಎಚ್ ಬೀಳುತ್ತಿದೆ

ಎಲ್ಲರಿಗೂ ನಮಸ್ಕಾರ. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ವಿಂಡೋ) ಬಗ್ಗೆ ಗೊತ್ತಿರುವವರು ಸ್ವಲ್ಪ ದಾರಿ ತೋರಿಸಿ.

ಮೊದಲು ಆಗಿದ್ದು ಬೇರೆ ತೊಂದರೆ. ವಿಮ್ ಅನ್ನೋ ಟೆಕ್ಸ್ಟ್ ಎಡಿಟರ್‌ನಲ್ಲಿ ಫೈಲ್ ಸೇವ್ ಮಾಡೋಣ ಅಂತ ಅಭ್ಯಾಸಬಲದಿಂದ ಕಂಟ್ರೋಲ್-ಎಸ್ ಒತ್ತಿದೆ, ಪರದೆ ಅಲ್ಲೇ ನಿಂತುಬಿಟ್ಟಿತು, ಏನು ಒತ್ತಿದರೂ ಅಲುಗಾಡಲಿಲ್ಲ, ಹ್ಯಾಂಗ್ ಆಗಿದೆ ಅಂದುಕೊಂಡು ವಿಂಡೋನೇ ಮುಚ್ಚಿಬಿಟ್ಟೆ. ಆಮೇಲೆ ಗೊತ್ತಾಯಿತು, ಅದು ಔಟ್‌ಪುಟ್ ತಡೆಯುವ ಕೀ, ಕಂಟ್ರೋಲ್-ಕ್ಯೂ ಒತ್ತಿದ್ದರೆ ಸಾಕಿತ್ತಂತೆ! ಈಗ ಟರ್ಮಿನಲ್ ಸೆಟ್ಟಿಂಗ್ ಬದಲಿಸುವ ಎಸ್‌ಟಿಟಿವೈ (stty) ಕಮಾಂಡಿಗೆ ಮೈನಸ್ ಐಎಕ್ಸಾನ್ (-ixon) ಕೊಟ್ಟು ಅದನ್ನು ಆಫ್ ಮಾಡಿದ್ದೇನೆ. ಅದು ಸರಿಯಾಯಿತು.

ಈಗಿನ ತಲೆನೋವು ಬ್ಯಾಕ್‌ಸ್ಪೇಸ್‌ದು. ನನ್ನ ಕಂಪ್ಯೂಟರಿನಲ್ಲಿ ಸರಿ ಇದೆ, ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಹಳೇ ಸರ್ವರಿಗೆ ಹೋದರೆ ಮಾತ್ರ ಕೆಡುತ್ತದೆ. ಅದೂ ಬ್ಯಾಷ್ (ಕಮಾಂಡ್ ಓದಿ ನಡೆಸುವ ಶೆಲ್) ಪ್ರಾಂಪ್ಟ್‌ನಲ್ಲಿ ಅಲ್ಲ, ಟೈಪ್ ಮಾಡಿದ್ದನ್ನು ಹಾಗೇ ತೋರಿಸುವ ಕ್ಯಾಟ್ ಕಮಾಂಡ್ ಓಡಿಸಿ ಟೈಪ್ ಮಾಡುವಾಗ. ಎಸ್‌ಟಿಟಿವೈ ಮೈನಸ್ ಎ ಕೊಟ್ಟು ನೋಡಿದರೆ ಇರೇಸ್ (ಅಕ್ಷರ ಅಳಿಸುವ ಕೀ) ಎದುರು ^? ಅಂತ ಇದೆ, ಅಂದರೆ 127ನೇ ಕೋಡ್. ನನ್ನ ಟರ್ಮಿನಲ್ ಕಳಿಸುತ್ತಿರುವುದು 8, ಅಂದರೆ ಕಂಟ್ರೋಲ್-ಎಚ್, ಅದಕ್ಕೇ ^ಎಚ್ ಕಾಣುತ್ತಿದೆ ಅಲ್ವಾ?

ಇರೇಸ್ ಅನ್ನು ^ಎಚ್‌ಗೆ ಬದಲಿಸಿದರೆ ಆ ಸೆಷನ್ ಮಟ್ಟಿಗೆ ಕೆಲಸ ಆಗುತ್ತದೆ. ಆದರೆ ಆ ಸಾಲನ್ನು ಸರ್ವರಿನ ಬ್ಯಾಷ್‌ಆರ್‌ಸಿಯಲ್ಲಿ (ಬ್ಯಾಷ್ ಶುರುವಾದಾಗ ಓದುವ ಫೈಲ್, .bashrc) ಹಾಕಿದೆ ನೋಡಿ, ಎಸ್‌ಎಸ್‌ಎಚ್ ಮೇಲೆ ಫೈಲ್ ನಕಲು ಮಾಡುವ ಎಸ್‌ಸಿಪಿಯಲ್ಲಿ ಫೈಲ್ ಕಳಿಸುವಾಗೆಲ್ಲ ಎಸ್‌ಟಿಟಿವೈ ಹೆಸರಿನಲ್ಲಿ ಒಂದು ಎರರ್ ಬರಲು ಶುರುವಾಯಿತು. ಅಲ್ಲಿ ಟರ್ಮಿನಲ್ಲೇ ಇಲ್ಲವಲ್ಲ, ಅದಕ್ಕಿರಬೇಕು. ಶೆಲ್ ಇಂಟರ್ಯಾಕ್ಟಿವ್ ಆಗಿದ್ದಾಗ (ಅಂದರೆ ನಾನೇ ಕೂತು ಕಮಾಂಡ್ ಕೊಡುವಾಗ) ಮಾತ್ರ ಆ ಸಾಲು ಓಡುವಂತೆ ಹೇಗೆ ಬರೆಯುವುದು? ಅಥವಾ ಸರ್ವರನ್ನು ಮುಟ್ಟದೆ, ನನ್ನ ಟರ್ಮಿನಲ್ 127 ಕಳಿಸುವಂತೆ ಮಾಡುವುದೇ ಒಳ್ಳೆಯದಾ? ಸುಮ್ನೆ ಎರಡೂ ಕಡೆ ಕೈಯಾಡಿಸಿ ಇನ್ನಷ್ಟು ಕೆಡಿಸಿಕೊಳ್ಳಲು ಭಯ.