ಮಕ್ಕಳ ಎಲೆಕ್ಟ್ರಿಕ್ ಗೋ-ಕಾರ್ಟ್: ಪೆಡಲ್ ಒತ್ತಿದರೆ ಜಿಗಿದು ನಿಂತುಬಿಡುತ್ತದೆ, ಕಂಟ್ರೋಲರ್ ಬದಲಿಸಬೇಕಾ?

ಕಾರಟಗಿ ಕಾರ್ಟ್:

ಎಲ್ಲರಿಗೂ ನಮಸ್ಕಾರ. ಮಗಳಿಗೆ 10 ವರ್ಷ, ಮಗನಿಗೆ 7. ಇಬ್ಬರಿಗೂ ಸೇರಿ ಒಂದು ಗೋ-ಕಾರ್ಟ್ ಮಾಡುತ್ತಿದ್ದೇನೆ. ಫ್ರೇಮ್ ವೆಲ್ಡಿಂಗ್ ಅಂಗಡಿಯಲ್ಲಿ ಕಟ್ಟಿಸಿದ್ದು, ಗಟ್ಟಿಯಾಗಿ ಬಂದಿದೆ. ಮೋಟರ್ 24 ವೋಲ್ಟ್, 350 ವ್ಯಾಟ್, ಬ್ರಷ್ ಇರುವಂಥದ್ದು, ಮೇಲೆ 2750 ಆರ್‌ಪಿಎಂ ಅಂತ ಬರೆದಿದೆ. ಅದರ ಜೊತೆಗೇ ಬಂದ ಕಂಟ್ರೋಲರ್ (ಪೆಡಲ್ ಒತ್ತಿದಷ್ಟು ಕರೆಂಟ್ ಮೋಟರಿಗೆ ಬಿಡುವ ಡಬ್ಬಿ), ಕಾಲಲ್ಲಿ ಒತ್ತುವ ಥ್ರಾಟಲ್. ಬ್ಯಾಟರಿ ಹಳೇ ಯುಪಿಎಸ್‌ನಿಂದ ತೆಗೆದ 12 ವೋಲ್ಟ್ 7 ಎಎಚ್‌ನವು (ಆಂಪಿಯರ್-ಅವರ್, ಅಂದರೆ ಬ್ಯಾಟರಿಯ ಸಾಮರ್ಥ್ಯ) ಎರಡು, ಸೀರೀಸ್‌ನಲ್ಲಿ ಹಾಕಿದ್ದೇನೆ. ಮೋಟರ್ ಸ್ಪ್ರಾಕೆಟ್‌ಗೆ 11 ಹಲ್ಲು, ಹಿಂದಿನ ಆಕ್ಸಲ್‌ನದಕ್ಕೆ 44. ಚಕ್ರ 10 ಇಂಚು. ವೈರು ಮನೆಯಲ್ಲಿ ಉಳಿದಿದ್ದ 1.5 ಸ್ಕ್ವೇರ್ ಎಂಎಂ.

ಹಿಂದಿನ ಚಕ್ರ ಇಟ್ಟಿಗೆ ಮೇಲೆ ಎತ್ತಿಟ್ಟರೆ ಚೆನ್ನಾಗಿ ತಿರುಗುತ್ತದೆ. ಮಗಳು ಕೂತರೆ ಒಂದು ಸಲ ಮುಂದಕ್ಕೆ ಜಿಗಿಯುತ್ತದೆ, ನಾಲ್ಕು ಅಡಿ ಹೋಗಿ ನಿಂತುಬಿಡುತ್ತದೆ. ಕೀ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಅದೇ ಕಥೆ. ಕಂಟ್ರೋಲರ್ ಮುಟ್ಟಿದರೆ ಬಿಸಿ. ಅಂಗಡಿಯವರು 500 ವ್ಯಾಟಿನ ಕಂಟ್ರೋಲರ್ ಹಾಕಿ ಅನ್ನುತ್ತಾರೆ. ಹಾಕಲಾ?

ಇನ್ನೊಂದು, ಸ್ಪೀಡ್ ಕಡಿಮೆ ಇಡುವುದು ಹೇಗೆ, ರಿವರ್ಸ್ ಹಾಕಬಹುದಾ, ದೂರದಿಂದ ನಿಲ್ಲಿಸುವ ರಿಮೋಟ್ ನಂಬಬಹುದಾ? ಓಡಿಸುವುದು ನಮ್ಮ ಭಾವನವರ ರೈಸ್ ಮಿಲ್ಲಿನ ಕಣದಲ್ಲಿ, ಭತ್ತ ಹರವದ ದಿನಗಳಲ್ಲಿ. ಕಾಂಕ್ರೀಟ್ ನೆಲ, ಸುತ್ತ ಕಾಂಪೌಂಡ್ ಇದೆ. ರೋಡಿಗೆ ತರುವ ಮಾತೇ ಇಲ್ಲ.

ರಾಯಚೂರು ಮೋಟರ್ ಮೇಷ್ಟ್ರು:

ಕಂಟ್ರೋಲರ್ ಬದಲಿಸಬೇಡಿ ಸರ್. ಮೊದಲು ಹಲ್ಲಿನ ಲೆಕ್ಕ ನೋಡಿ. 44 ಭಾಗಿಸು 11, ಅಂದರೆ 4. ಮೋಟರ್ 2750 ಸುತ್ತು ತಿರುಗಿದರೆ ಚಕ್ರ 687 ಸುತ್ತು. 10 ಇಂಚಿನ ಚಕ್ರ ಒಂದು ಸುತ್ತಿಗೆ ಹೆಚ್ಚುಕಡಿಮೆ 80 ಸೆಂಟಿಮೀಟರ್ ಹೋಗುತ್ತದೆ. ನಿಮಿಷಕ್ಕೆ 550 ಮೀಟರ್, ಗಂಟೆಗೆ 33 ಕಿಲೋಮೀಟರ್! ಏಳು ವರ್ಷದ ಹುಡುಗನಿಗೆ 33 ಯಾಕೆ ಬೇಕು ಹೇಳಿ?

ವೇಗ ಜಾಸ್ತಿ ಅನ್ನುವುದು ಒಂದು ತೊಂದರೆ. ಅದಕ್ಕಿಂತ ದೊಡ್ಡದು, ಈ ಲೆಕ್ಕದಲ್ಲಿ ಗಾಡಿ ಎಳೆಯುವ ಶಕ್ತಿ ಚಕ್ರಕ್ಕೆ ಸಿಗುವುದೇ ಇಲ್ಲ. ನಿಂತಿರುವ ಮೋಟರಿಗೆ ಬ್ಯಾಕ್ ಇಎಂಎಫ್ (ತಿರುಗುವಾಗ ಮೋಟರ್ ತಾನೇ ಹುಟ್ಟಿಸುವ ಎದುರು ವೋಲ್ಟೇಜ್) ಇರುವುದಿಲ್ಲ, ಕರೆಂಟನ್ನು ತಡೆಯುವುದು ಸುರುಳಿಯ ರೆಸಿಸ್ಟೆನ್ಸ್ ಮಾತ್ರ, ಅದು ತೀರಾ ಕಡಿಮೆ. ಹಾಗಾಗಿ ಹೊರಡುವಾಗ ಎಷ್ಟು ಕೊಟ್ಟರೂ ಕರೆಂಟ್ ಎಳೆದುಕೊಳ್ಳುತ್ತದೆ. ಅಲ್ಲಿ 500 ವ್ಯಾಟಿನ ಕಂಟ್ರೋಲರ್ ಇಟ್ಟರೆ ಅದು ಇನ್ನೂ ಜಾಸ್ತಿ ಬಿಡುತ್ತದೆ, ಸುಡುವುದು ಆಗ ಮೋಟರ್.

ನಿಮ್ಮದು 25ಎಚ್ ಅನ್ನುವ ಸಣ್ಣ ಅಳತೆಯ ಚೈನ್ ಆಗಿದ್ದರೆ ಹಿಂದೆ 80 ಹಲ್ಲಿನದು ಹಾಕಿ. ಗರಿಷ್ಠ ವೇಗ 18ಕ್ಕೆ ಇಳಿಯುತ್ತದೆ, ಎಳೆತ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಆ ಸ್ಪ್ರಾಕೆಟ್ ಸುಮಾರು 16 ಸೆಂಟಿಮೀಟರ್ ಅಗಲ ಇರುತ್ತದೆ, ನಿಮ್ಮ ಚಕ್ರಕ್ಕೆ ನೆಲದಿಂದ ನಾಲ್ಕೂವರೆ ಸೆಂಟಿಮೀಟರ್ ಅಂತರ ಉಳಿಯುತ್ತದೆ. ಕಣದ ಕಾಂಕ್ರೀಟಿಗೆ ಸಾಕು, ಹೊಲದ ದಾರಿಗೆ ಸಾಲದು. ಇನ್ನೂ ನಿಧಾನ ಬೇಕಿದ್ದರೆ ಒಳಗೇ ಗೇರ್ ಇರುವ ಮೋಟರ್ ಸಿಗುತ್ತದೆ, ಈಗಾಗಲೇ ಇದನ್ನು ಕೊಂಡಿದ್ದೀರಿ ಅಂತ ಅದನ್ನು ಹೇಳುತ್ತಿಲ್ಲ.

ಲಾರಿ ವೈರಿಂಗ್, ಬಳ್ಳಾರಿ:

ಮೇಷ್ಟ್ರು ಹೇಳಿದ್ದು ಸರಿ, ಆದರೆ ನಿಮ್ಮ ಗಾಡಿ ನಾಲ್ಕಡಿಗೆ ನಿಲ್ಲುತ್ತಿರುವುದು ಬ್ಯಾಟರಿಯಿಂದ ಅಂತ ನನಗನಿಸುತ್ತದೆ ಅಣ್ಣ. ಮಲ್ಟಿಮೀಟರ್ ಕಡ್ಡಿ ಕಂಟ್ರೋಲರಿಗೆ ಹೋಗುವ ದಪ್ಪ ವೈರಿನ ಮೇಲಿಟ್ಟು, ಮಗಳನ್ನು ಕೂರಿಸಿ ಪೆಡಲ್ ಒತ್ತಿಸಿ, ಎಷ್ಟಕ್ಕೆ ಇಳಿಯುತ್ತದೆ ನೋಡಿ. 24 ವೋಲ್ಟಿನ ಕಂಟ್ರೋಲರ್‌ಗಳು 20-21ರ ಆಸುಪಾಸಿನಲ್ಲಿ ತಾವೇ ಕಟ್ ಆಗುತ್ತವೆ, ಬ್ಯಾಟರಿ ಉಳಿಸಲಿಕ್ಕೆ. 7 ಎಎಚ್ ಅನ್ನುವುದು 20 ಗಂಟೆ ನಿಧಾನಕ್ಕೆ ತೆಗೆದಾಗಿನ ಲೆಕ್ಕ. 15 ಆಂಪ್ ಎಳೆದರೆ ಹೊಸದರಲ್ಲೇ ಅರ್ಧದಷ್ಟು ಸಿಕ್ಕರೆ ಹೆಚ್ಚು, ನಿಮ್ಮದು ಯುಪಿಎಸ್‌ನಲ್ಲಿ ದುಡಿದು ಬಂದದ್ದು. 18 ಎಎಚ್‌ನವು ಎರಡು ತನ್ನಿ. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಚಾರ್ಜಿಗೆ ಹಾಕಬೇಡಿ, ನಮ್ಮ ಕಡೆ ಸೀಲ್ಡ್ ಬ್ಯಾಟರಿ ಊದಿಕೊಳ್ಳುವುದು ಹಾಗೇ.

ವೈರು ತೆಳ್ಳಗಾಯಿತು. 1.5ರ ವೈರಿನಲ್ಲಿ ಹೋಗಿ ಬರುವುದು ಸೇರಿ ಮೂರು ಮೀಟರ್ ಇದ್ದರೆ, 25 ಆಂಪ್ ಹೋಗುವಾಗ ಹತ್ತಿರ ಹತ್ತಿರ ಒಂದು ವೋಲ್ಟ್ ವೈರಿನಲ್ಲೇ ಕರಗುತ್ತದೆ. 6 ಸ್ಕ್ವೇರ್ ಎಂಎಂ ಹಾಕಿ, ತುದಿಗೆ ಲಗ್ ಒತ್ತಿಸಿ, ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ. ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ 30 ಆಂಪ್ ಫ್ಯೂಸ್ ಇರಲಿ. ಫ್ಯೂಸ್ ಇರುವುದು ವೈರು ಉಳಿಸಲಿಕ್ಕೆ, ಕಂಟ್ರೋಲರ್ ಉಳಿಸಲಿಕ್ಕಲ್ಲ.

ಒಂದು ಅನುಕೂಲ ಏನಂದರೆ ನಮ್ಮ ಅದಿರು ಲಾರಿಗಳೆಲ್ಲ 24 ವೋಲ್ಟಿನವೇ. ಬಳ್ಳಾರಿ, ಹೊಸಪೇಟೆ ಕಡೆ ಯಾವ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಹೋದರೂ 24 ವೋಲ್ಟಿನ ರಿಲೇ, ಹಾರ್ನ್, ಬಲ್ಬ್, ಬ್ಯಾಟರಿ ಕಟ್‌ಆಫ್ ಸ್ವಿಚ್ ಸಿಗುತ್ತವೆ. ಜೊತೆಗೊಂದು ಹಳೇ ಹೆಡ್‌ಲೈಟ್ ಬಲ್ಬ್ ಕೇಳಿ ತನ್ನಿ. ಹೊಸ ವೈರಿಂಗ್ ಮುಗಿದ ಮೇಲೆ ಮೊದಲ ಸಲ ಬ್ಯಾಟರಿ ಕೊಡುವಾಗ ಆ ಬಲ್ಬನ್ನು ಪ್ಲಸ್ ವೈರಿನ ಮಧ್ಯೆ ಸೀರೀಸ್‌ನಲ್ಲಿ ಹಾಕಿ. ಎಲ್ಲೋ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಬೇರೇನೂ ಸುಡುವುದಿಲ್ಲ. ಸರಿ ಇದ್ದರೆ ಒಂದು ಕ್ಷಣ ಮಿಣುಕಿ ಆರುತ್ತದೆ, ಅದು ಕಂಟ್ರೋಲರಿನ ಕೆಪಾಸಿಟರ್ ತುಂಬಿಕೊಂಡಿದ್ದು. ಆಮೇಲೆ ಬಲ್ಬ್ ತೆಗೆದು ನೇರ ಕೊಡಿ.

ಗಂಗಾವತಿ ಹುಡುಗ:

ಜಿಗಿಯುವುದಕ್ಕೆ ಥ್ರಾಟಲ್ ಸಿಗ್ನಲ್ ವೈರಿಗೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿದರೆ ಆಯಿತು, ಮೆಲ್ಲಗೆ ಏರುತ್ತದೆ. ಆಫ್ ಮಾಡಲು ಟ್ರ್ಯಾಕ್ಟರಿನ ಸೆಲ್ಫ್ ಸೊಲೆನಾಯ್ಡ್ (ಸ್ಟಾರ್ಟರ್ ಮೋಟರಿಗೆ ಕರೆಂಟ್ ಕೊಡುವ ದೊಡ್ಡ ರಿಲೇ) ಅಗ್ಗಕ್ಕೆ ಸಿಗುತ್ತದೆ, ಅದನ್ನೇ ಹಾಕಿ.

ಸಿಂಧನೂರು ಸರ್ಕ್ಯೂಟ್:

ತಮ್ಮಾ, ಎರಡೂ ಬೇಡ. ಕೆಪಾಸಿಟರ್ ಮೆಲ್ಲಗೆ ಏರಿಸುತ್ತದೆ, ನಿಜ. ಮೆಲ್ಲಗೇ ಇಳಿಸುತ್ತದೆ ಕೂಡ. ಮಗು ಕಾಲು ತೆಗೆದ ಮೇಲೂ ಗಾಡಿ ಎಳೆಯುತ್ತಿದ್ದರೆ ಅದು ಹೆದರಿ ಸ್ಟಿಯರಿಂಗ್ ಬಿಡುತ್ತದೆ. ಹಿಂದೆ ದೊಡ್ಡ ಸ್ಪ್ರಾಕೆಟ್ ಬಂದರೆ ಅರ್ಧ ಜಿಗಿತ ತಾನೇ ಹೋಗುತ್ತದೆ. ಸೆಲ್ಫ್ ಸೊಲೆನಾಯ್ಡ್ ಇರುವುದು ಕೆಲವೇ ಸೆಕೆಂಡು ಕೆಲಸ ಮಾಡಲಿಕ್ಕೆ, ಅದೂ ಟ್ರ್ಯಾಕ್ಟರಿನದು 12 ವೋಲ್ಟಿನ ಕಾಯಿಲ್. ಹೊತ್ತುಗಟ್ಟಲೆ ಎಳೆದಿಟ್ಟರೆ ಕಾಯಿಲ್ ಸುಟ್ಟ ವಾಸನೆ ಬರುತ್ತದೆ.

ಕಾರಟಗಿ ಸರ್, ನೀವು ಸ್ಪೀಡು, ರಿವರ್ಸ್, ರಿಮೋಟ್ ಎಲ್ಲ ಕೇಳಿದ್ದೀರಿ, ಬ್ರೇಕ್ ಬಗ್ಗೆ ಒಂದು ಮಾತೂ ಇಲ್ಲ. ಗಾಡಿ ನಿಲ್ಲುವುದು ಹೇಗೆ ಅನ್ನುವುದು ಮೊದಲು ಮುಗಿಯಲಿ. ಇಂಥ ಕಂಟ್ರೋಲರಿನೊಳಗಿನ ಮಾಸ್‌ಫೆಟ್ (ಮೋಟರಿನ ಕರೆಂಟನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್) ಸುಟ್ಟರೆ ಸಾಮಾನ್ಯವಾಗಿ ಶಾರ್ಟ್ ಆಗಿಬಿಡುತ್ತದೆ. ಆಗ ಮೋಟರಿಗೆ ಪೂರ್ತಿ 24 ವೋಲ್ಟ್ ಸಿಗುತ್ತದೆ. ಪೆಡಲ್ ಬಿಟ್ಟರೂ ನಿಲ್ಲುವುದಿಲ್ಲ. ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ, ಯಾಕಂದರೆ ನಿಮ್ಮ ಕೀ ಇರುವುದು ಸಣ್ಣ ವೈರಿನ ಮೇಲೆ, ಮೋಟರಿನ ಕರೆಂಟು ಹೋಗುವುದು ದಪ್ಪ ವೈರಿನಲ್ಲಿ. ಹಾಗಾಗಿ ಕಟ್‌ಆಫ್ ದಪ್ಪ ವೈರಿನ ಮೇಲೇ ಬರಬೇಕು. ಲಾರಿ ಕಟ್‌ಆಫ್ ಸ್ವಿಚ್ ಸೀಟಿನ ಹಿಂದೆ, ಓಡುತ್ತಾ ಬಂದವರ ಕೈಗೆ ಸಿಗುವ ಹಾಗೆ. ಜೊತೆಗೆ ನಿರಂತರ ಕೆಲಸಕ್ಕೆ ಮಾಡಿದ 24 ವೋಲ್ಟ್ ಡಿಸಿ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಡೆಯುವ ದೊಡ್ಡ ರಿಲೇ) ಒಂದು ಹಾಕಿ, ಅದರ ಕಾಯಿಲ್‌ಗೆ ಟ್ರೆಡ್‌ಮಿಲ್‌ನಲ್ಲಿ ಇರುತ್ತದಲ್ಲ, ಎಳೆದರೆ ಕಳಚಿಬರುವ ದಾರದ ಕೀ, ಆ ತರಹದ್ದು. ದಾರದ ಇನ್ನೊಂದು ತುದಿ ಮಗುವಿನ ಬಟ್ಟೆಗೆ, ಶುರುವಿನಲ್ಲಿ ಹಿಂದೆ ನಡೆಯುವ ನಿಮ್ಮ ಕೈಗೆ. ಕಾಯಿಲ್‌ಗೆ ಅಡ್ಡಲಾಗಿ ಒಂದು ಡಯೋಡ್, 1ಎನ್4007 ಸಾಕು, ಗೆರೆ ಇರುವ ತುದಿ ಪ್ಲಸ್ ಕಡೆ.

ಅಗ್ಗದ ರಿಮೋಟ್ ರಿಲೇ ನಂಬಬೇಡಿ. ಅದರಲ್ಲಿ ಸಿಗ್ನಲ್ ಬಂದರೆ ಆಫ್ ಆಗುತ್ತದೆ. ಸಿಗ್ನಲ್ ಹೋದರೆ ಆಫ್ ಆಗಬೇಕಿತ್ತು, ಅಲ್ವಾ? ದಾರದ ಕೀ ಜೊತೆಗೆ ಇರಲಿ ಅಂದರೆ ಇರಲಿ, ಅದೊಂದೇ ಬೇಡ.

ಥ್ರಾಟಲ್‌ಗೆ ಒಂದು ಪರೀಕ್ಷೆ ಇದೆ. ಮೂರು ವೈರು: ಸಾಮಾನ್ಯವಾಗಿ ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಇನ್ನೊಂದು ಸಿಗ್ನಲ್. ಕಾಲು ತೆಗೆದಾಗ ಸಿಗ್ನಲ್ 1 ವೋಲ್ಟಿನ ಹತ್ತಿರ, ಪೂರ್ತಿ ಒತ್ತಿದರೆ 4ರ ಹತ್ತಿರ ಇರುತ್ತದೆ. ಚಕ್ರ ಎತ್ತಿಟ್ಟು, ಪೆಡಲ್ ಮುಟ್ಟದೆ, ಕಪ್ಪು ವೈರನ್ನು ಕನೆಕ್ಟರಿನಿಂದ ಬಿಡಿಸಿ ನೋಡಿ. ಆ ವೈರು ತುಂಡಾದರೆ ಸಿಗ್ನಲ್ 5ರ ಕಡೆಗೆ ಏರಬಹುದು. ಒಳ್ಳೆಯ ಕಂಟ್ರೋಲರ್ ಇದನ್ನು ದೋಷ ಅಂತ ತಿಳಿದು ನಿಲ್ಲುತ್ತದೆ. ನಿಮ್ಮದು ತಿರುಗಲು ಶುರು ಮಾಡಿದರೆ ಆಗ ಕಂಟ್ರೋಲರ್ ಬದಲಿಸಿ, ವ್ಯಾಟಿಗಾಗಿ ಅಲ್ಲ, ಈ ಕಾರಣಕ್ಕೆ.

ಬ್ರೇಕ್ ಪೆಡಲ್‌ಗೆ ಸ್ವಿಚ್ ಕೂರಿಸಿ ಕಂಟ್ರೋಲರಿನ ಬ್ರೇಕ್ ವೈರಿಗೆ ಕೊಡಿ, ಬ್ರೇಕ್ ಒತ್ತಿದ ಕೂಡಲೇ ಮೋಟರಿಗೆ ಕರೆಂಟ್ ಕಟ್ ಆಗಲಿ. ಮಕ್ಕಳು ಎರಡೂ ಪೆಡಲ್ ಒಟ್ಟಿಗೆ ಒತ್ತುತ್ತಾರೆ, ಅದು ಖಂಡಿತ. ಚೈನಿಗೆ ಪೂರ್ತಿ ಮುಚ್ಚಿದ ಗಾರ್ಡ್ ಬೇಕು. ಮಗಳ ಜಡೆ ಕಟ್ಟಿಸಿ, ವೇಲ್ ಹಾಕಿಕೊಂಡು ಕೂರುವುದು ಬೇಡ.

ಕಾರಟಗಿ ಕಾರ್ಟ್:

ಎಲ್ಲರಿಗೂ ಧನ್ಯವಾದ. ಅಳೆದೆ. ನಿಂತಾಗ 25.2, ಪೆಡಲ್ ಒತ್ತಿದ ಕೂಡಲೇ 18.6. ಲಾರಿಯವರ ಮಾತು ನಿಜ. ಕಪ್ಪು ವೈರು ಬಿಡಿಸಿ ನೋಡಿದೆ, ಮೋಟರ್ ಅಲ್ಲಾಡಲಿಲ್ಲ, ಸಮಾಧಾನ ಆಯಿತು. 80 ಹಲ್ಲಿನದಕ್ಕೆ ಆರ್ಡರ್ ಹಾಕಿದ್ದೇನೆ. ಆದರೆ ಮಗನಿಗೆ 18 ಕೂಡ ಜಾಸ್ತಿ ಅಲ್ವಾ? ರಿವರ್ಸ್ ಬಗ್ಗೆಯೂ ಯಾರೂ ಹೇಳಲಿಲ್ಲ.

ರಾಯಚೂರು ಮೋಟರ್ ಮೇಷ್ಟ್ರು:

ವೇಗಕ್ಕೆ ಎಲೆಕ್ಟ್ರಾನಿಕ್ಸ್ ಯಾಕೆ? ಪೆಡಲ್ ಕೆಳಗೆ ಒಂದು ಉದ್ದ ಬೋಲ್ಟ್, ಎರಡು ನಟ್. ಪೆಡಲ್ ಅದಕ್ಕೆ ತಾಗಿ ನಿಲ್ಲಲಿ. ಸಿಗ್ನಲ್ ವೈರು ಅಳೆಯುತ್ತಾ ಎರಡೂವರೆ ವೋಲ್ಟಿಗೆ ನಿಲ್ಲುವ ಹಾಗೆ ಬೋಲ್ಟ್ ಏರಿಸಿ, ಕಣದಲ್ಲಿ ಓಡಿಸಿ ನೋಡಿ, ಬೇಕಾದಷ್ಟು ಸರಿಪಡಿಸಿ. ಮಗಳ ಸರದಿ ಬಂದಾಗ ಸ್ಪ್ಯಾನರ್ ಹಾಕಿ ಸ್ವಲ್ಪ ಇಳಿಸಿ.

ರಿವರ್ಸ್ ಬಿಡಿ. ಮುಂದಕ್ಕೆ ಓಡುತ್ತಿರುವಾಗ ಮೋಟರಿನ ಪ್ಲಸ್ ಮೈನಸ್ ತಿರುಗಿಸಿದರೆ ಕರೆಂಟು ಒಮ್ಮೆಲೇ ನುಗ್ಗಿ ಮಾಸ್‌ಫೆಟ್ ಹೋಗುತ್ತದೆ. ಅದನ್ನು ತಡೆಯುವ ಇಂಟರ್‌ಲಾಕ್ ಮಾಡಬಹುದು, ಆದರೆ ಸಂದಿಗೆ ಸಿಕ್ಕಿಕೊಂಡರೆ ಇಳಿದು ತಳ್ಳಲಿ. ಮಕ್ಕಳಿಗೆ ಅದೂ ಆಟವೇ.

ಲಾರಿ ವೈರಿಂಗ್, ಬಳ್ಳಾರಿ:

ಕಟ್‌ಆಫ್ ಸ್ವಿಚ್ ಕೊಳ್ಳುವಾಗ ಕೆಂಪು ಕೀಲಿ ಕಳಚಿ ಬರುವಂಥದ್ದು ಕೇಳಿ ಅಣ್ಣ. ಆಟ ಮುಗಿದ ಮೇಲೆ ಕೀಲಿ ತೆಗೆದು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಇಲ್ಲವಾದರೆ ನೀವು ಊಟಕ್ಕೆ ಕೂತಾಗ ಮಿಲ್ಲಿನ ಹಮಾಲರ ಹುಡುಗರೆಲ್ಲ ಸೇರಿ ಅದರ ಮೇಲೆ ನಾಲ್ಕು ಜನ ಕೂತಿರುತ್ತಾರೆ.